ಡೆಟ್ರಾಯಿಟ್‌ನವರು ಕಾದರು, ಬಳ್ಳಾರಿಯವರೂ ಕಾಯಬಹುದಲ್ವಾ?

ಊರು ಬಳ್ಳಾರಿಯಾದರೂ ನಾನಿರುವುದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಇಲ್ಲಿನ ಐಸ್ ಹಾಕಿ ತಂಡ ರೆಡ್ ವಿಂಗ್ಸ್ ನನಗೆ ಹತ್ತಿರವಾಗಿದ್ದು ಅದು ಸೋಲುತ್ತಿದ್ದ ಕಾಲದಲ್ಲೇ. ಸತತ 25 ಸೀಸನ್ ಪ್ಲೇಆಫ್ ಆಡಿದ ತಂಡ ಅದು. 2017ರಲ್ಲಿ ಆ ಓಟ ನಿಂತುಹೋಯಿತು. 2019-20ರಲ್ಲಂತೂ 71 ಪಂದ್ಯ ಆಡಿ ಗೆದ್ದಿದ್ದು ಬರೀ 17. ನಮ್ಮ ಬಳ್ಳಾರಿಯಲ್ಲಾಗಿದ್ದರೆ ಮುಂದಿನ ಟೂರ್ನಮೆಂಟಿಗೆ ಅರ್ಧ ತಂಡ ಹೊಸದಾಗಿರುತ್ತಿತ್ತು.

2019ರಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಸ್ಟೀವ್ ಐಜರ್‌ಮನ್ ಇದೇ ತಂಡದ ಹಳೆಯ ಕ್ಯಾಪ್ಟನ್. ಅವರು ಆತುರ ಪಡಲಿಲ್ಲ. ಲೀಗಿನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆ ವರ್ಷದ ಡ್ರಾಫ್ಟ್‌ನಲ್ಲಿ 6ನೇ ಆಯ್ಕೆಯಾಗಿ ಜರ್ಮನಿಯ ಮೊರಿಟ್ಸ್ ಸೈಡರ್ ಎಂಬ 18ರ ಹುಡುಗನನ್ನು ತೆಗೆದುಕೊಂಡರು. ತಂಡ ಅಷ್ಟು ಕೆಟ್ಟದಾಗಿ ಸೋಲುತ್ತಿದ್ದರೂ ಅವನನ್ನು ತಕ್ಷಣ ಆಡಿಸಲಿಲ್ಲ, ಒಂದು ಸೀಸನ್ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿರುವ ಕೆಳಹಂತದ ತಂಡದಲ್ಲಿ ಬಿಟ್ಟರು, ಮುಂದಿನ ಸೀಸನ್ ಅವನು ಸ್ವೀಡನ್ನಿನ ಲೀಗಿನಲ್ಲಿ ಆಡಿದ. 2021ರಲ್ಲಿ ದೊಡ್ಡ ತಂಡಕ್ಕೆ ಬಂದವನು ಮೊದಲ ಸೀಸನ್ನಿನಲ್ಲೇ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಎಷ್ಟು ಖುಷಿಯಾಯಿತು ಗೊತ್ತಾ!

ಹಳಬರನ್ನು ಬಿಟ್ಟಿದ್ದೂ ಒಬ್ಬೊಬ್ಬರನ್ನಾಗಿಯೇ. 2021ರ ಏಪ್ರಿಲ್‌ನಲ್ಲಿ ಗೋಲು ಹೊಡೆಯುವ ಆಂಥನಿ ಮಂಥಾನನ್ನು ವಾಷಿಂಗ್ಟನ್‌ಗೆ ಕೊಟ್ಟರು. ಬದಲಿಗೆ ಇಬ್ಬರು ಆಟಗಾರರು ಬಂದರು, ಜೊತೆಗೆ ಮೊದಲ ಮತ್ತು ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆಗಳೂ ಸಿಕ್ಕವು. ತಂಡವೊಂದು ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಲೀಗಿನಲ್ಲಿ ಮಿತಿ ಇದೆ. ದುಡ್ಡಿದೆ ಅಂತ ಎಲ್ಲರನ್ನೂ ಕೊಂಡು ತರಲು ಆಗುವುದಿಲ್ಲ.

ಹೌದು, 2025ರವರೆಗೂ ಪ್ಲೇಆಫ್ ಸಿಗಲಿಲ್ಲ. ಇದು ಜಾಸ್ತಿಯೇ ನಿಧಾನವಾಯಿತು, ಇಲ್ಲಿ ಅಭಿಮಾನಿಗಳು ಬೇಸತ್ತಿದ್ದಾರೆ, ನಾನೂ ಬೇಸತ್ತಿದ್ದೇನೆ. ಆದರೂ ಸೈಡರ್‌ನಂಥ ಹುಡುಗ ಸಿಕ್ಕಿದ್ದು ಈ ದಾರಿಯಲ್ಲೇ.

ಊರಲ್ಲಿ ನಾನು ನೋಡಿದ ವಾಲಿಬಾಲ್, ಕಬಡ್ಡಿ ಟೂರ್ನಮೆಂಟುಗಳಲ್ಲಿ ಬಹುಮಾನದ ದುಡ್ಡು ಏರಿದಷ್ಟೂ ಹೊರಗಿನ ಆಟಗಾರರು ಜಾಸ್ತಿ. ಎರಡು ದಿನ ಆಡಿ, ಕಪ್ ಗೆದ್ದುಕೊಟ್ಟು ಹೊರಟುಬಿಡುತ್ತಾರೆ. ವರ್ಷವಿಡೀ ಅಭ್ಯಾಸ ಮಾಡಿದ ನಮ್ಮ ಹುಡುಗ ನೀರಿನ ಬಾಟಲಿ ಹಿಡಿದು ಲೈನಿನಾಚೆ ನಿಂತಿರುತ್ತಾನೆ. ನನಗೆ ಸಿಟ್ಟು ಬರುವುದು ಅಲ್ಲೇ.

ಹಾಗಂತ ಇಲ್ಲಿಯದೆಲ್ಲ ಮೇಲು ಅಂತಲ್ಲ. ಇಲ್ಲಿ ಮಗುವಿಗೆ ಐಸ್ ಹಾಕಿ ಕಲಿಸಬೇಕೆಂದರೆ ಸ್ಕೇಟ್ಸ್, ಪ್ಯಾಡ್, ರಿಂಕ್ ಬಾಡಿಗೆ ಎಲ್ಲಕ್ಕೂ ದುಡ್ಡು ಸುರಿಯಬೇಕು. ಬಳ್ಳಾರಿಯ ಮುನ್ಸಿಪಲ್ ಮೈದಾನದಲ್ಲಿ ದೊಡ್ಡ ಹುಡುಗರು ಆಡುವಾಗ ಚಿಕ್ಕವನೊಬ್ಬ ಸುಮ್ನೆ ಬಂದು ನಿಂತರೂ 'ಬಾರೋ ತಮ್ಮ' ಅಂತ ಸೇರಿಸಿಕೊಳ್ಳುತ್ತಾರೆ. ಈ ಭಾಗ್ಯ ಡೆಟ್ರಾಯಿಟ್‌ನಲ್ಲಿ ಇಲ್ಲ. ಇನ್ನು ಕಾದು ಬೆಳೆಸುವುದೂ ನಮ್ಮ ಜಿಲ್ಲೆಗೆ ಹೊಸದೇನಲ್ಲ. ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2018ರಿಂದ ಬಾಕ್ಸಿಂಗ್, ಕುಸ್ತಿ, ಜೂಡೋ ಕಲಿಯುವ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ತಯಾರು ಮಾಡುತ್ತಿದ್ದಾರೆ.

ಟೂರ್ನಮೆಂಟ್ ನಡೆಸುವ ಅಣ್ಣಂದಿರಿಗೆ ನನ್ನದೊಂದು ಮಾತು. ಪ್ರತಿ ತಂಡದಲ್ಲೂ 19 ವರ್ಷದೊಳಗಿನ ಇಬ್ಬರು ಊರಿನ ಹುಡುಗರು ಆಡಲೇಬೇಕು ಅಂತ ನಿಯಮ ಮಾಡಿ, ಹೆಸರಿಗೆ ಬೆಂಚಿನಲ್ಲಿ ಕೂರಿಸುವುದು ಬೇಡ. ಬಹುಮಾನದ ದುಡ್ಡಿನಲ್ಲಿ ಒಂದು ಪಾಲು ತೆಗೆದು ಅವರ ಶೂಗೆ, ಬಸ್ ಚಾರ್ಜಿಗೆ ಕೊಡಿ, ಮೂರು ವರ್ಷ ಬಿಡದೆ ಕೊಡಿ. ಹಾಗೆ ನಡೆಸುವ ತಂಡಕ್ಕೆ ನಾನೂ ಇಲ್ಲಿಂದ ದುಡ್ಡು ಕಳಿಸುತ್ತೇನೆ.