ಅಬರ್ಡೀನ್‌ನ ಆರೋಗ್ಯಾಧಿಕಾರಿ ಮಾತನಾಡಿದ್ದು ಸರಿ

1964ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಟೈಫಾಯ್ಡ್ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ರೋಗಿಗಳ ಸಂಖ್ಯೆ 500 ದಾಟಿತು. ನಗರದ ಆರೋಗ್ಯಾಧಿಕಾರಿ ಡಾ. ಇಯಾನ್ ಮ್ಯಾಕ್‌ಕ್ವೀನ್ ದಿನವೂ ಪತ್ರಕರ್ತರನ್ನು ಕರೆದು, ಎಷ್ಟು ಜನ ಆಸ್ಪತ್ರೆ ಸೇರಿದ್ದಾರೆ, ಜನ ಏನು ಮಾಡಬೇಕು ಎಂಬುದನ್ನೆಲ್ಲ ಬಿಚ್ಚಿ ಹೇಳಿದರು. ರೋಗ ಅಡಗಿದ ಮೇಲೆ ಸರಕಾರ ನೇಮಿಸಿದ್ದ ಮಿಲ್ನ್ ಸಮಿತಿ, ಪ್ರಚಾರ ಅತಿಯಾಯಿತೆಂದು ಅವರನ್ನೇ ಟೀಕಿಸಿತು. ಈ ಟೀಕೆಯನ್ನು ನಾನು ಒಪ್ಪುವುದಿಲ್ಲ.

ರೋಗ ಬಂದ ದಾರಿಯನ್ನು ನೋಡಿ. ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಏನು ತಿಂದಿರಿ, ಎಲ್ಲಿ ಕೊಂಡಿರಿ ಎಂದು ಕೇಳುತ್ತಾ ಹೋದ ಸ್ಥಳೀಯ ಸಿಬ್ಬಂದಿ ಕೆಲವೇ ದಿನಗಳಲ್ಲಿ ಯೂನಿಯನ್ ಸ್ಟ್ರೀಟಿನ ಒಂದು ಸೂಪರ್‌ಮಾರ್ಕೆಟ್ ತಲುಪಿದರು. ಸಂಶಯ ಬಿದ್ದದ್ದು ಅರ್ಜೆಂಟೀನಾದಿಂದ ಬಂದಿದ್ದ ಡಬ್ಬಿಯ ದನದ ಮಾಂಸದ ಮೇಲೆ. ಡಬ್ಬಿಯನ್ನು ಮುಚ್ಚಿ ಬೇಯಿಸಿದ ಮೇಲೆ ನೀರಿನಲ್ಲಿ ತಣಿಸುತ್ತಾರೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ತಣ್ಣಗಾಗುವ ಡಬ್ಬಿ ಆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಮಾಂಸ ತುಂಬಿದ, ಅರ್ಜೆಂಟೀನಾದ ರೊಸಾರಿಯೊ ನಗರದ ಕಾರ್ಖಾನೆ ಬಳಸಿದ್ದು ಕ್ಲೋರಿನ್ ಹಾಕದ ನದಿ ನೀರು. ಟೈಫಾಯ್ಡ್ ರೋಗಾಣು ಅನಿಲ ಉಂಟುಮಾಡುವುದಿಲ್ಲವಾದ್ದರಿಂದ ಡಬ್ಬಿ ಉಬ್ಬುವುದಿಲ್ಲ, ಮಾಂಸ ಕೆಟ್ಟಂತೆ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಅದನ್ನು ಹೆಚ್ಚಿದ ಯಂತ್ರದಲ್ಲೇ ಬೇರೆ ಮಾಂಸವನ್ನೂ ಹೆಚ್ಚಿದರು. ಹೀಗೆ ಒಂದು ಡಬ್ಬಿಯ ಸೋಂಕು ಊರೆಲ್ಲ ಹರಡಿತು.

ನನಗೆ ಸಿಟ್ಟು ಬರುವುದು ಮುಂದಿನ ಸಂಗತಿಗೆ. ಹಿಂದಿನ ವರ್ಷವೇ ಇಂಗ್ಲೆಂಡಿನ ಹಾರ್ಲೋ, ಸೌತ್ ಶೀಲ್ಡ್ಸ್, ಬೆಡ್‌ಫರ್ಡ್ ಊರುಗಳಲ್ಲಿ ಇದೇ ಬಗೆಯ ಮಾಂಸದ ಮೇಲೆ ಸಂಶಯ ಎದ್ದಿತ್ತು. ಆದರೂ ಸಂಶಯಾಸ್ಪದ ದಾಸ್ತಾನನ್ನು ಪೂರ್ತಿಯಾಗಿ ಹಿಂದೆಗೆದುಕೊಳ್ಳಲಿಲ್ಲ, ಜನರಿಗೂ ತಿಳಿಸಲಿಲ್ಲ. ಮೇಲಿನ ಕಚೇರಿಗಳು ಸುಮ್ಮನಿದ್ದವು. ಆ ಮೌನದ ಬೆಲೆ ತೆತ್ತ ಊರಿನಲ್ಲಿ ಬಾಯಿ ತೆರೆದವರನ್ನೇ ಹೆಚ್ಚು ಮಾತನಾಡಿದರೆಂದು ದೂರುವುದು ನ್ಯಾಯವಲ್ಲ. ಸಮಿತಿ ದಾಸ್ತಾನಿನ ವಿಷಯದಲ್ಲಿ ಇಲಾಖೆಗಳನ್ನೂ ತರಾಟೆಗೆ ತೆಗೆದುಕೊಂಡಿತು, ಅದು ನಿಜ. ಆದರೆ ಜನರ ಬಾಯಲ್ಲಿ ಉಳಿದದ್ದು ಮ್ಯಾಕ್‌ಕ್ವೀನ್ ಅವರ ಹೆಸರು.

ಅವರು ಹೇಳಿದ್ದೆಲ್ಲ ಸರಿಯಾಗಿತ್ತು ಎಂದು ನಾನು ವಾದಿಸುವುದಿಲ್ಲ. ಎರಡನೆಯ ಅಲೆಯ ಭಯವನ್ನು ಅವರು ತುಸು ಹೆಚ್ಚೇ ಹೇಳಿದರು, ಊರಿನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆದರೆ ಕೈ ತೊಳೆಯಿರಿ ಎಂಬ ಮಾತು ಮನೆಮನೆ ಮುಟ್ಟಿತು, ಜ್ವರ ಬಂದವರು ಮುಚ್ಚಿಡದೆ ವೈದ್ಯರ ಬಳಿ ಹೋದರು. ಜೂನ್ ಕೊನೆಯ ಹೊತ್ತಿಗೆ ರೋಗ ಹತೋಟಿಗೆ ಬಂದು, ರಾಣಿ ಎಲಿಜಬೆತ್ ನಗರಕ್ಕೆ ಭೇಟಿ ಕೊಟ್ಟರು.

ಆ ಅಧಿಕಾರಿ ನಗರಸಭೆಯ ನೌಕರ. ಊರಿನ ನೀರು, ಕೊಳಚೆ, ಶಾಲಾ ಮಕ್ಕಳು, ಅಂಗಡಿಯ ತಪಾಸಣೆ ಎಲ್ಲವೂ ಒಂದೇ ಕಚೇರಿಯ ಕಣ್ಣಿನಲ್ಲಿ ಇದ್ದವು. ಬ್ರಿಟನ್ನಿನಲ್ಲಿ 1974ರ ಪುನರ್ರಚನೆಯಲ್ಲಿ ಆ ಹುದ್ದೆಯೇ ಇಲ್ಲವಾಯಿತು. ಅದು ದೊಡ್ಡ ನಷ್ಟ ಎಂದೇ ನಾನು ನಂಬಿದ್ದೇನೆ.

ನಮ್ಮಲ್ಲಿ ಕುಡಿಯುವ ನೀರಿಗೆ ಚರಂಡಿ ಸೇರಿ ಒಂದು ಬೀದಿಯ ಜನ ವಾಂತಿಭೇದಿಯಿಂದ ನರಳುವಾಗ, ತಾಲ್ಲೂಕು ಆರೋಗ್ಯಾಧಿಕಾರಿಯ ಬಾಯಿಂದ ಮೊದಲು ಬರುವುದು "ವರದಿ ಬರಲಿ" ಎಂಬ ಮಾತು. ವರದಿ ಬರುವವರೆಗೆ ಜನ ಅದೇ ನಲ್ಲಿಯ ನೀರು ಕುಡಿಯುತ್ತಿರುತ್ತಾರೆ. ಮೇಲಿನವರ ಅನುಮತಿಗೆ ಕಾಯದೆ, ಸಂಶಯವಿದ್ದಾಗಲೇ ಅಂದೇ ಸಂಜೆ ಯಾವ ನಲ್ಲಿಯ ನೀರು ಕುಡಿಯಬಾರದು ಎಂದು ಊರಿಗೆ ಹೇಳುವ ಅಧಿಕಾರ ಆ ವೈದ್ಯರಿಗೆ ಬರವಣಿಗೆಯಲ್ಲಿ ಇರಬೇಕು. ನಾಳೆ ಆ ಸಂಶಯ ಸುಳ್ಳಾದರೂ ಅವರನ್ನು ವರ್ಗಾವಣೆ ಮಾಡಕೂಡದು.