ನರಸಮ್ಮಜ್ಜಿ ಮತ್ತು ‘ಉಚಿತ’ ಅನ್ನೋ ಪದ

ಡಿಸೆಂಬರ್ 25 ಬಂದರೆ ನನಗೆ ಪಾವಗಡದ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. 2018ರಲ್ಲಿ ಅದೇ ದಿನ ತೀರಿಕೊಂಡರು. 98 ವರ್ಷ. ಪದ್ಮಶ್ರೀ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಅವತ್ತು ಫೇಸ್‌ಬುಕ್ ತೆರೆದರೆ ಎಲ್ಲ ಕಡೆ ಒಂದೇ ಮಾತು. 15 ಸಾವಿರಕ್ಕೂ ಜಾಸ್ತಿ ಹೆರಿಗೆ, ಅದೂ ಉಚಿತವಾಗಿ. ಸುಳ್ಳಲ್ಲ. ಆದರೆ ಆ ‘ಉಚಿತ’ ನನಗೆ ಕಿರಿಕಿರಿ ಮಾಡುತ್ತದೆ. ಹಾಗಂದ ತಕ್ಷಣ ಅದರೊಳಗಿನ ವಿದ್ಯೆ ಮರೆಯಾಗಿ, ಒಳ್ಳೆಯತನ ಮಾತ್ರ ಉಳಿಯುತ್ತದೆ ಅಲ್ವಾ?

ಕೃಷ್ಣಾಪುರದ ಈ ಹೆಂಗಸು ಇದನ್ನು ಕಲಿತದ್ದು ಅಜ್ಜಿ ಮರಿಗೆಮ್ಮನಿಂದ. ಊರಿಗೆ ಬಂದ ಅಲೆಮಾರಿಗಳಿಗೆ ಊಟ ಹಾಕಿ ಅವರಿಂದ ಬಸುರಿಯರ ಮದ್ದು ತಿಳಿದುಕೊಂಡರು. ಮೊದಲ ಹೆರಿಗೆ ಮಾಡಿಸಿದಾಗ ವಯಸ್ಸು 20. ತಾವೇ 12 ಮಕ್ಕಳನ್ನು ಹೆತ್ತವರು, ಅದರಲ್ಲಿ ನಾಲ್ವರನ್ನು ಕಳೆದುಕೊಂಡವರು. ಇದನ್ನೆಲ್ಲ ಓದಿದ್ದಕ್ಕೆ ಸಮ ಅಂತ ಒಪ್ಪಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 2014ರಲ್ಲಿ. ಅಷ್ಟೊತ್ತಿಗೆ ಅಜ್ಜಿಗೆ 90 ದಾಟಿತ್ತು.

ನಮ್ಮಪ್ಪ ಹುಟ್ಟಿದ್ದೂ ಒಬ್ಬ ಸೂಲಗಿತ್ತಿಯ ಕೈಯಲ್ಲೇ. ನಮ್ಮಜ್ಜಿ ಹೇಳುತ್ತಿದ್ದರು: ಆಯಮ್ಮ ಬಂದವಳೇ ಮೊದಲು ಒಲೆ ಮುಂದೆ ಕೂತು ಅಂಗೈ ಕಾಯಿಸಿಕೊಳ್ಳುತ್ತಿದ್ದಳಂತೆ. ತಣ್ಣನೆ ಕೈ ಹೊಟ್ಟೆಗೆ ತಾಗಬಾರದು. ಆಮೇಲೆ ಹರಳೆಣ್ಣೆ ಸವರಿ, ಕಣ್ಣು ಮುಚ್ಚಿ, ಮಗುವಿನ ತಲೆ ಎಲ್ಲಿದೆ ಅಂತ ಬೆರಳಲ್ಲೇ ಹುಡುಕುವುದು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ, ಯಜಮಾನನೂ ಸೇರಿ. ರಾತ್ರಿಯೆಲ್ಲ ಹೀಗೇ. ಬೆಳಿಗ್ಗೆ ಒಂದು ಮೊರ ರಾಗಿ, ಎಲೆ ಅಡಿಕೆ. ಅವಳ ಮನೆ ಒಲೆ ಇನ್ನೂ ಹಚ್ಚಿರುತ್ತಿರಲಿಲ್ಲ.

ಇನ್ನೊಂದು ಮಾತನ್ನು ಅಜ್ಜಿ ತಲೆ ತಗ್ಗಿಸಿಯೇ ಹೇಳಿದ್ದು. ಬೇನೆ ಶುರುವಾದಾಗ ಅವಳನ್ನು ನಡುಮನೆ ದಾಟಿಸಿ ಒಳಗೆ ಕರೆಯುತ್ತಿದ್ದರು. ಹೆರಿಗೆ ಆದ ಮೇಲೆ ಅದೇ ಕೈಗೆ ಹೊಸಿಲಿನ ಆಚೆ ನಿಲ್ಲಿಸಿ, ಮೇಲಿನಿಂದ ನೀರು ಹಾಕುತ್ತಿದ್ದರು.

ಇವತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ರಕ್ತ ನಿಲ್ಲದೆ ಹೋದರೆ ಹರಳೆಣ್ಣೆ ಏನು ಮಾಡೀತು? ‘ಹಿಂದಿನ ಕಾಲವೇ ಚೆನ್ನಾಗಿತ್ತು’ ಅನ್ನುವವರ ಪೈಕಿ ನಾನಲ್ಲ. ಆಗ ಬದುಕಿ ಉಳಿಯದ ತಾಯಂದಿರ ಲೆಕ್ಕ ಯಾರೂ ಇಟ್ಟಿಲ್ಲ. ನನ್ನ ತಕರಾರು ಬೇರೆ. ಎಪ್ಪತ್ತು ವರ್ಷ ಒಬ್ಬ ತಾಯಿ ತನ್ನ ಮಕ್ಕಳನ್ನು ಬಿಟ್ಟು ಅಪರಾತ್ರಿಯಲ್ಲಿ ಎದ್ದು ಹೋಗಿದ್ದಾಳೆ. ಕೂಲಿ ಅವಳು ಕೇಳಲಿಲ್ಲ, ಸರಿ. ನಾವ್ಯಾಕೆ ಕೊಡಲಿಲ್ಲ? ಸುಮ್ನೆ ‘ಮಹಾತಾಯಿ’ ಅಂದು ಕೈ ಮುಗಿದರೆ ಆಯ್ತಾ?

ನರಸಮ್ಮನಿಗೆ ಪದ್ಮಶ್ರೀ ಕೊಡುವುದನ್ನು ಅಜ್ಜಿ ಟಿವಿಯಲ್ಲಿ ನೋಡುತ್ತಾ ಕೂತಿದ್ದರು. ನಮ್ಮೂರ ಸೂಲಗಿತ್ತಿಯ ಹೆಸರೇನಜ್ಜಿ ಅಂತ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿದರು.

“ಸೂಲಗಿತ್ತಿ ಅಂತಲೇ ಕರೀತಿದ್ವಿ ಕಣೋ” ಅಂದರು.