ಮುಚ್ಚಳ ಎತ್ತುವವರು

ಮೊನ್ನೆ ಭಾನುವಾರ ಭಾವ ಬಂದರು. ಚಪ್ಪಲಿ ಬಿಚ್ಚಿದರು, ಸೀದಾ ಅಡುಗೆಮನೆಗೆ ನಡೆದರು, ಮುಚ್ಚಳ ಎತ್ತಿದರು. "ಎಂತ ಪರಿಮಳ ಮಾರಾಯ್ರೇ! ಇನ್ನೂ ಆಗ್ಲಿಲ್ವಾ?"

ಆಗ್ಲಿಲ್ಲ ಭಾವ. ಹನ್ನೆರಡೂವರೆಗೆ ಆಗುವುದಿತ್ತು, ನೀವು ಎತ್ತಿದ್ದಕ್ಕೆ ಇನ್ನು ಒಂದು ಗಂಟೆ ಹೊಡೆಯಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನ ಗಂಡ, ಸಾಲದ್ದಕ್ಕೆ ಆ ಸ್ಲೋ ಕುಕ್ಕರನ್ನು ದುಬೈಯಿಂದ ಹೊತ್ತು ತಂದವರೂ ಅವರೇ. ಅದಕ್ಕಿರುವುದು ಮೂರು ಚೌಕ ಕಡ್ಡಿಯ ಪ್ಲಗ್ಗು. ಚಿಂತೆ ಇಲ್ಲ, ಕಾಸರಗೋಡಿನ ಕಡೆ ಮನೆಯಲ್ಲಿ ಉಪ್ಪು ಮುಗಿದಿದ್ದರೂ ಅಡಾಪ್ಟರ್ ಮುಗಿದಿರುವುದಿಲ್ಲ.

ಒಳಗಿದ್ದದ್ದು ಹಂದಿಯ ಪಕ್ಕೆಲುಬು, ಬಾರ್ಬೆಕ್ಯೂ ಸಾಸ್ ಬಳಿದದ್ದು. ಬೆಳಿಗ್ಗೆ ಐದಕ್ಕೆ ಎದ್ದು 'ಲೋ'ದಲ್ಲಿ ಇಟ್ಟಿದ್ದೆ. ಏಳೆಂಟು ಗಂಟೆ ಬೇಕು. ಎಲುಬಿನ ಸುತ್ತ ಇರುವ ಗಟ್ಟಿ ನಾರು ನಿಧಾನಕ್ಕೆ ಕರಗಿ ಜೆಲಟಿನ್ ಆದರೆ ಮಾತ್ರ ಮಾಂಸ ಮೆತ್ತಗಾಗುವುದು, ಅದಕ್ಕೆ ಅವಸರ ಆಗುವುದಿಲ್ಲ. ಶಾಖವೂ ಬಲು ಸಣ್ಣದು, ಪಿಂಗಾಣಿ ಪಾತ್ರೆಯ ಸುತ್ತಿನಿಂದ ಬರುವಂಥದ್ದು. ಒಮ್ಮೆ ಮುಚ್ಚಳ ತೆಗೆದರೆ ಹೋದ ಬಿಸಿ ವಾಪಸು ಬರಲಿಕ್ಕೆ ಇಪ್ಪತ್ತು-ಮೂವತ್ತು ನಿಮಿಷ. ಅಂದರೆ ಈ ಯಂತ್ರಕ್ಕೆ ನಾವು ಮಾಡಬೇಕಾದ ಉಪಕಾರ ಒಂದೇ, ಸುಮ್ನೆ ಇರುವುದು. ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಮಾಡುವ ಜನ ನಾವು.

ಪ್ರೆಶರ್ ಕುಕ್ಕರಿಗೆ ನಮ್ಮ ಗುಣ ಗೊತ್ತು. ಆವಿ ಇರುವವರೆಗೆ ಅದು ಮುಚ್ಚಳ ಬಿಡುವುದಿಲ್ಲ, ಹತ್ತಿರ ಹೋದರೆ ಕೂಗುತ್ತದೆ. ಸ್ಲೋ ಕುಕ್ಕರಿನದು ಗಾಜಿನ ಮುಚ್ಚಳ. ಹೊರಗಿಂದಲೇ ನೋಡಿಕೊಳ್ಳಿ ಅಂತ ಗಾಜು ಕೊಟ್ಟಿರಬೇಕು. ಆದರೆ ಅರ್ಧ ಗಂಟೆಯಲ್ಲಿ ಒಳಗಿಂದ ಹನಿ ಕಟ್ಟಿಕೊಂಡು ಏನೂ ಕಾಣುವುದಿಲ್ಲ. ಕಾಣದಿದ್ದರೆ ಕೈ ಸುಮ್ನಿರುತ್ತದಾ?

ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ, ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ. ಅವರ ಹಿರಿಯರದು ಲಿಥುವೇನಿಯಾದ ಯೆಹೂದಿ ಮನೆತನ. ಅವರ ವಾರದ ವಿಶ್ರಾಂತಿಯ ದಿನ ಸಬ್ಬತ್, ಅಂದು ಒಲೆ ಹಚ್ಚುವಂತಿಲ್ಲ, ಹಾಗಾಗಿ ಶುಕ್ರವಾರ ಸಂಜೆಯೇ ಮಾಂಸ, ಬೀನ್ಸ್ ಹಾಕಿದ ಪಾತ್ರೆಯನ್ನು ಊರಿನ ಬೇಕರಿಯ ಒಲೆಯೊಳಗೆ ಇಟ್ಟು ಬರುತ್ತಿದ್ದರಂತೆ. ಆರುತ್ತಿರುವ ಒಲೆಯ ಬಿಸಿಯಲ್ಲೇ ರಾತ್ರಿಯಿಡೀ ಬೆಂದು ಮರುದಿನದ ಊಟಕ್ಕೆ ರೆಡಿ. ತಾಯಿ ಹೇಳಿದ ಈ ಕಥೆಯಿಂದಲೇ ಕುಕ್ಕರ್ ಹುಟ್ಟಿತು. 1971ರಲ್ಲಿ ಬೇರೊಂದು ಕಂಪನಿ ಅದನ್ನೇ ಕ್ರಾಕ್-ಪಾಟ್ ಅಂತ ಮಾರಿತು. ಸಬ್ಬತ್ತಿನ ಊಟಕ್ಕೆ ಹುಟ್ಟಿದ್ದು ದುಬೈಯ ಅಂಗಡಿ ದಾಟಿ ಬಂದು ನಮ್ಮಲ್ಲಿ ಯೆಹೂದಿಗಳಿಗೆ ನಿಷಿದ್ಧವಾದ ಹಂದಿ ಬೇಯಿಸುತ್ತಿದೆ, ಇರಲಿ. ನನಗೆ ಹೊಟ್ಟೆಕಿಚ್ಚು ಆ ಬೇಕರಿಯ ಮೇಲೆ. ಪಾತ್ರೆ ಊರಿನ ಒಲೆಯಲ್ಲಿ, ಮನೆಯವರು ಮನೆಯಲ್ಲಿ. ಯಾವ ಭಾವನಿಗೆ ಎತ್ತಿ ನೋಡಲು ಸಾಧ್ಯ?

ನಮ್ಮಲ್ಲೂ ಇಂಥದ್ದೊಂದು ಇತ್ತು, ಅದೂ ಕರೆಂಟಿಲ್ಲದೆ. ಊರೂರಿಗೆ ವಿಜ್ಞಾನ ಮುಟ್ಟಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರ ಚೂಡಾರಾಪೆಟ್ಟಿ, ಅಂದರೆ ಬಿಸಿ ಆರದ ಪೆಟ್ಟಿಗೆ. ಒಳಗೆಲ್ಲ ಥರ್ಮಕೋಲ್ ಕೂರಿಸಿದ ಒಂದು ಪೆಟ್ಟಿಗೆ. ಕುಚ್ಚಲಕ್ಕಿಯನ್ನು ಒಲೆಯಲ್ಲಿ ಸ್ವಲ್ಪ ಹೊತ್ತು ಕುದಿಸಿ, ಪಾತ್ರೆ ಸಮೇತ ಅದರೊಳಗೆ ಇಟ್ಟು ಮುಚ್ಚಿದರೆ ಅನ್ನ ತಾನಾಗಿ ಆಗುತ್ತದೆ, ಸೌದೆ ಉಳಿಯುತ್ತದೆ. ಪರಿಷತ್ತಿನವರು ಶಾಲೆಯಲ್ಲಿ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ವಿವರಿಸಿದ್ದನ್ನು ಕೇಳಿ ಅಪ್ಪ ಒಂದು ತಂದರು.

ದೊಡ್ಡಮ್ಮ ಒಪ್ಪಲಿಲ್ಲ. "ಬೆಂಕಿ ಇಲ್ಲದೆ ಅನ್ನ ಬೇಯುವುದುಂಟಾ?" ಅಂತ ಹತ್ತು ನಿಮಿಷಕ್ಕೊಮ್ಮೆ ತೆಗೆದು, ಒಂದಗುಳು ಹಿಚುಕಿ, "ನೋಡು, ಬೇಯ್ಲಿಲ್ಲ" ಅನ್ನುತ್ತಿದ್ದರು. ಹಾಗೆ ತೆಗೆದರೆ ಬೇಯುವುದು ಹೇಗೆ? ಮಧ್ಯಾಹ್ನ ಅಕ್ಕಿ ಮತ್ತೆ ಒಲೆ ಏರುತ್ತಿತ್ತು, ಸೌದೆ ಡಬಲ್. ಅಪ್ಪನಿಗೆ ಹಟ. ಪೆಟ್ಟಿಗೆಯ ಮೇಲೆ ಕಡೆಯುವ ಕಲ್ಲಿನ ಗುಂಡು ಇಟ್ಟರು. ಸೊಂಟನೋವು ಅಂತ ಕೊಡಪಾನ ಮುಟ್ಟದಿದ್ದ ದೊಡ್ಡಮ್ಮ ಆ ಗುಂಡನ್ನು ಇಳಿಸಿ, ಅಗುಳು ಹಿಚುಕಿ, ವಾಪಸು ಏರಿಸಿಯೂ ಇಟ್ಟಿದ್ದರು. ಅಪ್ಪ ಹಗ್ಗ ಕಟ್ಟಿದರು. ದೊಡ್ಡಮ್ಮ ಹಗ್ಗ ಬಿಚ್ಚಿ, ಅಪ್ಪನದಕ್ಕಿಂತ ಒಳ್ಳೆಯ ಗಂಟು ಹಾಕಿದರು. ಒಂದು ದಿನ ಅಪ್ಪ ಪೇಪರು ಹಿಡಿದು ಅದರ ಮೇಲೆಯೇ ಕೂತರು. ಅಷ್ಟು ಹೊತ್ತಿಗೆ ತೋಟದಲ್ಲಿ ದನ ನುಗ್ಗಿದೆ ಅಂತ ದೊಡ್ಡಮ್ಮ ಬೊಬ್ಬೆ ಹಾಕಿದರು. ಅಪ್ಪ ಓಡಿದರು. ದನ ಇರಲಿಲ್ಲ.

ಕೊನೆಗೆ ಗೆದ್ದದ್ದು ಬೆಕ್ಕು. ಮಳೆಗಾಲದಲ್ಲಿ ಆ ಪೆಟ್ಟಿಗೆಯ ಮೇಲೆ ಒಂಚೂರು ಬೆಚ್ಚಗಿರುತ್ತದೆ ಅಂತ ಅದಕ್ಕೆ ಹೇಗೋ ಗೊತ್ತಾಗಿ ಅಲ್ಲೇ ಸುರುಳಿ ಸುತ್ತಿ ಮಲಗತೊಡಗಿತು. ಬೆಕ್ಕು ದೊಡ್ಡಮ್ಮನದು. ಮನೆಯವರ ನಿದ್ದೆ ಕೆಡಿಸಲು ಹಿಂದೆಮುಂದೆ ನೋಡದ ಅವರು ಬೆಕ್ಕನ್ನು ಎಬ್ಬಿಸಲಾರರು. ಆವತ್ತು ಅನ್ನ ಹದವಾಗಿ ಬೆಂದಿತ್ತು. "ಅಕ್ಕಿ ಒಳ್ಳೆಯದು" ಅಂದರು. ಮುಂದೆ ಗ್ಯಾಸ್ ಬಂತು, ಪೆಟ್ಟಿಗೆಯಲ್ಲಿ ಮಾವಿನಕಾಯಿ ಹಣ್ಣಿಗೆ ಇಟ್ಟರು, ಅದನ್ನೂ ದಿನಾ ತೆಗೆದು ಹಿಚುಕಿ ನೋಡಿದರು.

ಇಷ್ಟರಲ್ಲಿ ತಾಳ್ಮೆಯ ಬಗ್ಗೆ ಒಂದು ದೊಡ್ಡ ಮಾತು ಹೇಳುವುದಿತ್ತು. ಮೊದಲು ಮಾಂಸದ ವಿಷಯ ಮುಗಿಸುತ್ತೇನೆ.

ಪಕ್ಕೆಲುಬು ಇಡಿಯಾಗಿ ಸಿಗುವುದೇ ಒಂದು ಸಾಹಸ. ಅಂಗಡಿಯ ಪೊರ್ಬುಗಳು (ಕ್ರಿಶ್ಚಿಯನ್ನರಿಗೆ ನಮ್ಮ ಕಡೆ ಹಾಗೆ ಹೇಳುವುದು) ನಾನು "ತುಂಡು ಮಾಡ್ಬೇಡಿ" ಅಂತ ಬಾಯಿ ತೆರೆಯುವಷ್ಟರಲ್ಲಿ ಎರಡೇಟು ಹಾಕಿ ಆಗಿರುತ್ತದೆ. ಇಡೀ ಕೊಂಡುಹೋಗಿ ಎಂತ ಮಾಡ್ತೀರಿ ಅನ್ನುವ ಅನುಮಾನ ಬೇರೆ. ಮನೆಗೆ ತಂದ ಮೇಲೆ ಎಲುಬಿನ ಹಿಂಬದಿಯ ತೆಳು ಪೊರೆ ಕೀಳಬೇಕು. ಉಗುರಿಗೆ ಜಾರುತ್ತದೆ, ಪೇಪರು ಟವಲಿನಲ್ಲಿ ಹಿಡಿದು ಎಳೆದರೆ ಚರ್ರನೆ ಬರುತ್ತದೆ. ಅದು ಉಳಿದರೆ ಎಷ್ಟು ಬೇಯಿಸಿದರೂ ಹಲ್ಲಿಗೆ ಪ್ಲಾಸ್ಟಿಕ್ಕು. ಸಾಸಿಗೆ ಬ್ರೌನ್ ಶುಗರ್ ಬದಲು ಓಲೆಬೆಲ್ಲ ಹಾಕಿದೆ, ಜೊತೆಗೆ ಟೊಮೇಟೊ ಸಾಸ್, ವಿನೆಗರ್, ಬೆಳ್ಳುಳ್ಳಿ, ಒಣಮೆಣಸು. ನೀರು ಬೇಡ, ಮಾಂಸವೇ ಬೇಕಾದಷ್ಟು ಬಿಡುತ್ತದೆ.

ಇನ್ನು ಈ 'ಎಲುಬಿನಿಂದ ತಾನೇ ಜಾರಿ ಬೀಳಬೇಕು' ಅನ್ನುವವರು. ಯಾಕೆ ಬೀಳಬೇಕು? ಹಲ್ಲಿಲ್ಲವಾ? ಬಾರ್ಬೆಕ್ಯೂಗೆ ಹೆಸರಾದ ಅಮೆರಿಕದಲ್ಲೇ ಸ್ಪರ್ಧೆಗಳ ತೀರ್ಪುಗಾರರು ಹಾಗೆ ಜಾರಿದ್ದನ್ನು ಜಾಸ್ತಿ ಬೆಂದದ್ದು ಅಂತ ಲೆಕ್ಕ ಹಾಕುತ್ತಾರೆ. ಕಚ್ಚಿದಷ್ಟು ಜಾಗದ ಮಾಂಸ ಮಾತ್ರ ಬರಬೇಕು, ಉಳಿದದ್ದು ಎಲುಬಿಗೇ ಇರಬೇಕು. ಮತ್ತೆ ಎಲುಬು ಇರುವುದು ಯಾತಕ್ಕೆ? ಚೀಪಲಿಕ್ಕಲ್ವಾ? ಈಗಿನವರಿಗೆ ಮೀನಿನಲ್ಲಿ ಮುಳ್ಳು ಬೇಡ, ಪೇರಳೆಯಲ್ಲಿ ಬೀಜ ಬೇಡ, ಹಂದಿಯಲ್ಲಿ ಎಲುಬೂ ಬೇಡ. ಗಂಜಿ ಕುಡಿಯಿರಿ.

ಸ್ಲೋ ಕುಕ್ಕರಿನಲ್ಲಿ ಬೆಂದದ್ದಕ್ಕೆ ಹೊಗೆಯ ವಾಸನೆ ಇರುವುದಿಲ್ಲ, ಅದೊಂದು ಕೊರತೆ ಹೌದು. ಓವನ್ ಇದ್ದವರು ಕೊನೆಗೆ ಮೇಲಿನ ಉರಿಯಲ್ಲಿ ಸಾಸನ್ನು ಒಂದಿಷ್ಟು ಕರಟಿಸುತ್ತಾರೆ. ನಾನು ಅಂಗಳದಲ್ಲಿ ತೆಂಗಿನ ಗೆರಟೆಯ ಕೆಂಡ ಮಾಡಿ, ಅದರ ಮೇಲೆ ಕಂಬಿಬಲೆ ಇಟ್ಟು, ಮುರಿಯದ ಹಾಗೆ ಎರಡು ಕೈಯಲ್ಲೂ ಸಟ್ಟುಗ ಹಿಡಿದು ಮಗುಚಿದೆ. ಕೊಬ್ಬು ತೊಟ್ಟಿಕ್ಕಿದಲ್ಲೆಲ್ಲ ಭುಗಿಲ್ಲೆಂದು ಹೊಗೆ. ಓಲೆಬೆಲ್ಲ ಕಪ್ಪಗಾಗಿ ಅಂಚಿನಲ್ಲಿ ಗುಳ್ಳೆ ಎದ್ದಾಗ ತೆಗೆಯಬೇಕು, ಒಂದು ನಿಮಿಷ ತಡವಾದರೆ ಕಹಿ. ಇಲ್ಲಿ ಮುಚ್ಚಳ ಇಲ್ಲ, ನೋಡಬೇಕಾದವರು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಕಣ್ಣುರಿ ಅಂತ ಒಬ್ಬರೂ ಹತ್ತಿರ ಬರಲಿಲ್ಲ.